ತೋಟದ ಮನೆಗೆ ಹೈಡ್ರೋಜನ್ ಬೇಕೆ?

ಹಸಿರು ಹೈಡ್ರೋಜನ್ ಬಗ್ಗೆ ಪತ್ರಿಕೆಗಳಲ್ಲಿ, ಮೊಬೈಲ್‌ನಲ್ಲಿ ಓದಿದ ಮೇಲೆ ಕೃಷ್ಣಾ, ಘಟಪ್ರಭಾ ದಂಡೆಯ ಓದುಗರು ಬರೆದ ಪತ್ರಗಳು ಈ ಸಲ ಹೆಚ್ಚಿವೆ. ಬಹಳಷ್ಟು ಪತ್ರಗಳ ಗೋಳು ಒಂದೇ: ಊರಿನಲ್ಲಿ ಕರೆಂಟ್ ಇದೆ, ತೋಟದಲ್ಲಿ ಇಲ್ಲ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

*

ಸರ, ನಮ್ಮದು ತೋಟದಾಗಿನ ಮನಿ. ಊರ ಬಿಟ್ಟು ಮೂರು ಕಿಲೋಮೀಟರ್ ಒಳಗ ಐತಿ. ಪಂಪ್‌ಸೆಟ್ಟಿನ ಲೈನ್ ಬಿಟ್ರ ಬ್ಯಾರೆ ಲೈನ್ ಇಲ್ಲ. ಅದೂ ತಾಸಿನ ಲೆಕ್ಕದಾಗ ಬರತೈತಿ. ಸೋಲಾರ್ ಹಾಕಿಸಬೇಕಂತ ಮಾಡೇವಿ. ಮಗ ಏನಂತಾನ ಅಂದ್ರ, ಬ್ಯಾಟರಿ ಮೂರು ವರ್ಷಕ್ಕ ಸಾಯ್ತಾವ, ಅದರ ಬದಲಿ ಹಗಲಿ ನೀರು ಒಡದು ಹೈಡ್ರೋಜನ್ ಮಾಡಿ ಇಟ್ಕೊಂಡು ರಾತ್ರಿ ಅದರಿಂದ ಕರೆಂಟ್ ತಗೋಬಹುದು ಅಂತ. ಇದು ಖರೇನೇ ಆಗತೈತೇನ್ರೀ?
— ಹೆಸರು ಬೇಡವೆಂದ ಓದುಗರು, ಜಮಖಂಡಿ ತಾಲ್ಲೂಕು

ಖರೇನೇ ಆಗುತ್ತದೆ. ನಿಮ್ಮ ಮಗ ಹೇಳಿದ ವಿಜ್ಞಾನದಲ್ಲಿ ತಪ್ಪಿಲ್ಲ. ಆದರೆ ಹಾಕಿಸಬೇಡಿ.

ಪ್ಯಾನೆಲ್‌ನ ಕರೆಂಟನ್ನು ಎಲೆಕ್ಟ್ರೊಲೈಜರ್ ಎಂಬ ಯಂತ್ರಕ್ಕೆ ಕೊಟ್ಟರೆ ನೀರು ಒಡೆದು ಹೈಡ್ರೋಜನ್, ಆಮ್ಲಜನಕ ಬೇರೆಬೇರೆಯಾಗುತ್ತವೆ. ಹೈಡ್ರೋಜನ್ ಅನ್ನು ಟಾಕಿಯಲ್ಲಿ ತುಂಬಿಟ್ಟು ರಾತ್ರಿ ಫ್ಯುಯೆಲ್ ಸೆಲ್‌ಗೆ ಹಾಯಿಸಿದರೆ ಮತ್ತೆ ಕರೆಂಟ್, ಜೊತೆಗೆ ನೀರು, ಒಂದಿಷ್ಟು ಶಾಖ. ಹೀಗೆ ಬದುಕುವ ಮನೆಗಳು ಜಗತ್ತಿನಲ್ಲಿವೆ. ಅಮೆರಿಕದ ನ್ಯೂಜೆರ್ಸಿಯ ಹೋಪ್‌ವೆಲ್‌ನಲ್ಲಿ ಮೈಕ್ ಸ್ಟ್ರಿಜ್ಕಿ ಎಂಬ ಎಂಜಿನಿಯರ್ 2006ರಲ್ಲೇ ತಮ್ಮ ಮನೆಯನ್ನು ಹೀಗೆ ನಡೆಸಿ ತೋರಿಸಿದರು. ಅದಕ್ಕೆ ಸುಮಾರು 5 ಲಕ್ಷ ಡಾಲರ್ ಖರ್ಚಾಯಿತೆಂದು ಆಗ ವರದಿಯಾಗಿತ್ತು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನ ಫಿ ಸುವಾ ಹೌಸ್ 2015ರಿಂದ ಇದೇ ದಾರಿ ಹಿಡಿದಿದೆ. ಅದನ್ನು ಕಟ್ಟಿಸಿದ ಸೆಬಾಸ್ಟಿಯನ್ ಶ್ಮಿಟ್ ಮುಂದೆ ಎಲೆಕ್ಟ್ರೊಲೈಜರ್ ತಯಾರಿಸುವ ಕಂಪನಿಯನ್ನೇ ತೆರೆದರು. ಅಂಥವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ.

ನಮ್ಮ ಲೆಕ್ಕ ಇಷ್ಟು. ಒಂದು ಕಿಲೋ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಕರೆಂಟ್ ಬೇಕು. ಅದೇ ಒಂದು ಕಿಲೋ ಫ್ಯುಯೆಲ್ ಸೆಲ್‌ನಲ್ಲಿ ತಿರುಗಿ ಕೊಡುವುದು 15ರಿಂದ 18 ಯೂನಿಟ್. ಮೂರು ಹಾಕಿ ಒಂದು ತೆಗೆದಂತೆ. ಲಿಥಿಯಂ ಬ್ಯಾಟರಿಗೆ ಹತ್ತು ಹಾಕಿದರೆ ಒಂಬತ್ತು ಬರುತ್ತದೆ. ಹಳೆಯ ಕಾಲದ ಆಸಿಡ್ ಬ್ಯಾಟರಿಯೂ ಏಳೂವರೆ, ಎಂಟು ಕೊಡುತ್ತದೆ. ಅಂದರೆ ಹೈಡ್ರೋಜನ್‌ಗೆ ಹೋದರೆ ರಾತ್ರಿಯ ಅದೇ ಬೆಳಕಿಗೆ ಮೂರು ಪಟ್ಟು ಪ್ಯಾನೆಲ್ ಹಾಕಬೇಕು. ಯಂತ್ರಗಳ ಬೆಲೆ ಅದರ ಮೇಲೆ ಬೇರೆ.

ಹಾಗಾದರೆ ಜರ್ಮನಿಯವರು ಮನೆಗೆ ಹೈಡ್ರೋಜನ್ ವ್ಯವಸ್ಥೆ ಮಾರಲು ಹೊರಟದ್ದು ಏಕೆ? ಅವರ ಕಷ್ಟ ರಾತ್ರಿಯಲ್ಲ, ಚಳಿಗಾಲ. ಅಲ್ಲಿ ಡಿಸೆಂಬರ್‌ನ ಬಿಸಿಲು ಜೂನ್ ಬಿಸಿಲಿನ ಹತ್ತನೇ ಒಂದು ಪಾಲಿನ ಆಸುಪಾಸು. ಬೇಸಿಗೆಯಲ್ಲಿ ಉಳಿದದ್ದನ್ನು ಆರು ತಿಂಗಳು ಕೂಡಿಡಬೇಕು. ಆರು ತಿಂಗಳಿಗಾಗುವಷ್ಟು ಬ್ಯಾಟರಿ ಯಾರೂ ಕೊಳ್ಳಲಾರರು. ಟಾಕಿಯಲ್ಲಿ ಅನಿಲವನ್ನಾದರೆ ಇಡಬಹುದು. ನಮ್ಮ ಕಡೆ ಮಳೆಗಾಲದ ಮೋಡದಲ್ಲೂ ತಿಂಗಳ ಸರಾಸರಿ ಬಿಸಿಲು ಏಪ್ರಿಲ್ ಬಿಸಿಲಿನ ಸುಮಾರು ಮೂರನೇ ಎರಡು ಪಾಲು ಇರುತ್ತದೆ. ಬಾಗಲಕೋಟೆ ಜಿಲ್ಲೆಯವರು ಬಿಸಿಲನ್ನು ಬೈಯುವುದೇ ಹೆಚ್ಚು. ಈ ಒಂದು ವಿಷಯದಲ್ಲಿ ಅದು ನಮ್ಮ ಆಸ್ತಿ. ನಾವು ದಾಟಬೇಕಾದದ್ದು ಒಂದೆರಡು ರಾತ್ರಿ, ಹೆಚ್ಚೆಂದರೆ ಜಿಟಿಜಿಟಿ ಮಳೆಯ ಮೂರು ದಿನ. ಅದಕ್ಕೆ ಬ್ಯಾಟರಿ ಸಾಕು.

ನೀರಿನ ಮಾತನ್ನೂ ಹೇಳಿಬಿಡುತ್ತೇನೆ. ಒಂದು ಕಿಲೋ ಹೈಡ್ರೋಜನ್‌ಗೆ ಒಡೆಯುವ ನೀರು 9 ಲೀಟರ್ ಮಾತ್ರ. ಪ್ರಮಾಣ ಸಮಸ್ಯೆಯಲ್ಲ, ಗುಣ ಸಮಸ್ಯೆ. ಎಲೆಕ್ಟ್ರೊಲೈಜರ್‌ಗೆ ಉಪ್ಪಿನ ಅಂಶವೇ ಇಲ್ಲದ ನೀರು ಬೇಕು. ಸವಳು-ಜವಳು ಹಿಡಿದ ನಮ್ಮ ಹೊಲಗಳ ಬೋರಿನ ನೀರನ್ನು ಅದಕ್ಕೆ ಹಾಕಿದರೆ ಯಂತ್ರ ಬಹಳ ದಿನ ಬಾಳದು.

ಬ್ಯಾಟರಿ ಮೂರು ವರ್ಷಕ್ಕೆ ಸಾಯುತ್ತದೆ ಎಂಬ ಮಗನ ಮಾತು ಆಸಿಡ್ ಬ್ಯಾಟರಿಯ ಅನುಭವದಿಂದ ಬಂದದ್ದು. ದಿನಾ ಪೂರ್ತಿ ಬರಿದು ಮಾಡಿ, ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆತರೆ ಅದಕ್ಕಿಂತ ಮೊದಲೇ ಸಾಯುತ್ತದೆ. ಈಗ ಬರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳನ್ನು ಮೂರು ಸಾವಿರ ಸಲಕ್ಕಿಂತ ಹೆಚ್ಚು ತುಂಬಿ ಬರಿದು ಮಾಡಬಹುದು. ದಿನಕ್ಕೊಂದು ಸಲ ಎಂದರೆ ಎಂಟು ವರ್ಷ. ಆ ಬ್ಯಾಟರಿಯನ್ನೇ ಕೇಳಿ ತೆಗೆದುಕೊಳ್ಳಿ.

*

ನಮ್ಮ ತೋಟದ ಮನೆಯಲ್ಲಿ ಐದು ಬಲ್ಬು, ಎರಡು ಫ್ಯಾನು, ಟಿವಿ, ಮಿಕ್ಸರ್ ಇವೆ. ಹಾಲು ಕೆಡದಂತೆ ಸಣ್ಣದೊಂದು ಫ್ರಿಜ್ ಬೇಕು. ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ? ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಗೃಹಿಣಿ, ರಬಕವಿ-ಬನಹಟ್ಟಿ ತಾಲ್ಲೂಕು

ಅಕ್ಕಾ, ಅಂಗಡಿಗೆ ಹೋಗುವ ಮೊದಲು ಲೆಕ್ಕ ನೀವೇ ಮಾಡಿಕೊಳ್ಳಿ. ಆಗ ಯಾರು ಏನು ಹೇಳಿದರೂ ತಿಳಿಯುತ್ತದೆ. ಪ್ರತಿ ಸಾಮಾನಿನ ವ್ಯಾಟನ್ನು ಅದು ಉರಿಯುವ ತಾಸುಗಳಿಂದ ಗುಣಿಸಬೇಕು. 9 ವ್ಯಾಟಿನ ಐದು ಎಲ್‌ಇಡಿ ಬಲ್ಬು ಐದು ತಾಸು: 225. ಬಿಎಲ್‌ಡಿಸಿ ಮೋಟಾರಿನ 30 ವ್ಯಾಟಿನ ಎರಡು ಫ್ಯಾನು ಹತ್ತು ತಾಸು: 600. ಟಿವಿ 50 ವ್ಯಾಟು, ನಾಲ್ಕು ತಾಸು: 200. ಸಣ್ಣ ಫ್ರಿಜ್ ದಿನಕ್ಕೆ ಸುಮಾರು 600. ಮಿಕ್ಸರ್ ಕಾಲು ತಾಸು: 125. ಮೊಬೈಲ್‌ಗಳಿಗೆ 50. ಕೂಡಿಸಿದರೆ 1,800, ಅಂದರೆ ದಿನಕ್ಕೆ 1.8 ಯೂನಿಟ್.

ಮೊದಲಿನ 75 ವ್ಯಾಟಿನ ಫ್ಯಾನುಗಳನ್ನೇ ಇಟ್ಟುಕೊಂಡರೆ ಅವೆರಡೇ 1,500 ತಿನ್ನುತ್ತವೆ. ಮೊದಲು ಫ್ಯಾನ್ ಬದಲಿಸಿ, ಆಮೇಲೆ ಪ್ಯಾನೆಲ್ ಕೊಳ್ಳಿ. ಇದಕ್ಕಿಂತ ಅಗ್ಗದ ಸೋಲಾರ್ ಸಲಹೆ ನನ್ನಲ್ಲಿಲ್ಲ.

1 ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಗಾಢ ಮೋಡದ ದಿನ ಒಂದೂವರೆ, ಎರಡು. ಆದ್ದರಿಂದ ನಿಮಗೆ 1 ಕಿಲೋವ್ಯಾಟ್ ಸಾಕು. ಬ್ಯಾಟರಿ ಲಿಥಿಯಂ ಆದರೆ 24 ವೋಲ್ಟ್, 200 ಆಂಪಿಯರ್ ಅವರ್‌ನದು ಒಂದು. ಅದರಲ್ಲಿ ಸುಮಾರು 5 ಯೂನಿಟ್ ಇರುತ್ತದೆ, ಎರಡು ದಿನ ಮೋಡ ಕವಿದರೂ ನಡೆಯುತ್ತದೆ. ಆಸಿಡ್ ಬ್ಯಾಟರಿ ಆದರೆ 12 ವೋಲ್ಟ್, 150 ಆಂಪಿಯರ್ ಅವರ್‌ನವು ನಾಲ್ಕು ಬೇಕು, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅವು ಬೇಗ ಹಾಳಾಗುತ್ತವೆ. ಇನ್ವರ್ಟರ್ 2 ಕೆವಿಎ, ಪ್ಯೂರ್ ಸೈನ್ ವೇವ್ ಇರಲಿ. ಫ್ರಿಜ್‌ನ ಮೋಟಾರು ಶುರುವಾಗುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಇಸ್ತ್ರಿ, ಗೀಸರ್, ಇಂಡಕ್ಷನ್ ಒಲೆ ಇವನ್ನು ಈ ವ್ಯವಸ್ಥೆಗೆ ಹಚ್ಚಬೇಡಿ. ಸ್ನಾನದ ನೀರಿಗೆ ಹಂಡೆಯೇ ಇರಲಿ.

ನಿಮ್ಮ ಸೀಮೆಗೇ ಸೇರಿದ ಎರಡು ಎಚ್ಚರಿಕೆ. ಮನೆ ಕಬ್ಬಿನ ನಡುವೆ ಇದ್ದರೆ ಪ್ಯಾನೆಲನ್ನು ಅಂಗಳದ ಗೂಟದ ಮೇಲೆ ಹಾಕಿಸಬೇಡಿ. ಕಬ್ಬು ಹತ್ತು ಹನ್ನೆರಡು ಅಡಿ ಬೆಳೆದ ಮೇಲೆ ಸಂಜೆ ಮುಂಜಾನೆ ನೆರಳು ಬೀಳುತ್ತದೆ, ಪ್ಯಾನೆಲಿನ ಒಂದು ಮೂಲೆಗೆ ನೆರಳಾದರೂ ಉತ್ಪಾದನೆ ತೀರಾ ಕುಸಿಯುತ್ತದೆ. ಮಾಳಿಗೆಯ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 16 ಡಿಗ್ರಿ ವಾಲಿಸಿ ಇಡಿಸಿ. ಎರಡನೆಯದು ಬೂದಿ. ಕಾರ್ಖಾನೆಯ ಚಿಮಣಿಯಿಂದ ಕಬ್ಬು ನುರಿಸುವ ಹಂಗಾಮಿನಲ್ಲಿ ಬೂದಿ ಹಾರಿ ಬರುವ ಕಡೆ ವಾರಕ್ಕೊಮ್ಮೆ ಪ್ಯಾನೆಲ್ ಒರೆಸಲೇಬೇಕು. ಬೆಳಗ್ಗೆ ಬಿಸಿಲೇರುವ ಮುನ್ನ ಒರೆಸಿ. ಸವಳು ನೀರು ಬೇಡ, ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ.

ಇನ್ನು ಸಬ್ಸಿಡಿಯ ಮಾತು. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಅಥವಾ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಿಗುತ್ತದೆ. ಆದರೆ ಅದು ಗ್ರಿಡ್‌ಗೆ ಜೋಡಿಸಿದ ಮನೆಗಳಿಗೆ. ಲೈನ್ ಇಲ್ಲದವರಿಗೆ ಆ ಯೋಜನೆ ಬಾಗಿಲು ತೆರೆದಿಲ್ಲ. ಲೈನ್ ಇರುವವನಿಗೆ ಹಣ, ಇಲ್ಲದವನಿಗೆ ಇಲ್ಲ ಎಂಬುದು ನನಗೆ ಸರಿ ಕಾಣುವುದಿಲ್ಲ.

*

ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ನೋಡಿದೆ. ಡಬ್ಬಿಯಲ್ಲಿ ಉಪ್ಪಿನ ನೀರು ತುಂಬಿ, ಸ್ಟೀಲ್ ತಗಡು ಇಳಿಬಿಟ್ಟು ಸೋಲಾರ್ ಪ್ಯಾನೆಲ್‌ಗೆ ಜೋಡಿಸಿದರೆ ಗ್ಯಾಸ್ ಒಲೆ ಉರಿಯುತ್ತದೆ. ನಾನೂ ಮಾಡಿ ನೋಡಬಹುದೆ? ಖಾಲಿ ಸಿಲಿಂಡರ್‌ನಲ್ಲಿ ತುಂಬಿಡಬಹುದೆ?
— ಪಿಯುಸಿ ವಿದ್ಯಾರ್ಥಿ, ಜಮಖಂಡಿ

ಬೇಡ ತಮ್ಮಾ. ನಿನ್ನ ಕುತೂಹಲ ಮೆಚ್ಚುವಂಥದ್ದು. ಕಾಲೇಜಿನ ಪ್ರಯೋಗಾಲಯದಲ್ಲಿ, ಗುರುಗಳ ಎದುರು, ಒಂದು ಪರೀಕ್ಷಾ ನಳಿಕೆಯಷ್ಟು ಮಾಡು. ಮನೆಯಲ್ಲಿ ಮಾಡಬೇಡ.

ಉಪ್ಪಿನ ನೀರಿಗೆ ಕರೆಂಟ್ ಹಾಯಿಸಿದರೆ ಒಂದು ತಗಡಿನಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಕ್ಲೋರಿನ್ ಬರುತ್ತದೆ. ಕ್ಲೋರಿನ್ ವಿಷಾನಿಲ. ಸ್ಟೀಲ್ ತಗಡು ಕರಗುತ್ತಾ ನೀರಿಗೆ ಕ್ರೋಮಿಯಂ ವಿಷ ಬಿಡುತ್ತದೆ. ಉಪ್ಪಿನ ಬದಲು ಬೇರೇನಾದರೂ ಹಾಕಿದೆ ಎಂದುಕೋ, ಆಗ ಒಂದೇ ಡಬ್ಬಿಯಲ್ಲಿ ಹೈಡ್ರೋಜನ್, ಆಮ್ಲಜನಕ ಎರಡೂ ಬೆರೆತು ಕೂಡುತ್ತವೆ. ಅದು ಅಡುಗೆ ಅನಿಲವಲ್ಲ, ಸ್ಫೋಟಕ. ಕಾರ್ಖಾನೆಯ ಎಲೆಕ್ಟ್ರೊಲೈಜರ್‌ನಲ್ಲಿ ಇವೆರಡರ ನಡುವೆ ತೆಳು ಪೊರೆ ಇರುವುದೇ ಇದಕ್ಕಾಗಿ.

ಎಲ್‌ಪಿಜಿ ಗಾಳಿಯಲ್ಲಿ ಶೇ 2ರಿಂದ 9.5ರಷ್ಟು ಬೆರೆತಾಗ ಹೊತ್ತಿಕೊಳ್ಳುತ್ತದೆ. ಹೈಡ್ರೋಜನ್‌ಗೆ ಆ ಮಿತಿ ಶೇ 4ರಿಂದ 75. ವಾಸನೆಯಿಲ್ಲ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ. ಪಾಲಿಸ್ಟರ್ ಅಂಗಿಯಿಂದ ಸಿಡಿಯುವ ಕಿಡಿ ಸಾಕು ಹೊತ್ತಲು. ಅಡುಗೆ ಸಿಲಿಂಡರಿನ ವಾಲ್ವು, ವಾಷರು ಈ ಅನಿಲಕ್ಕೆಂದು ಮಾಡಿದವಲ್ಲ. ಅನುಮತಿಯಿಲ್ಲದೆ ಸಿಲಿಂಡರಿಗೆ ಯಾವ ಅನಿಲವನ್ನೂ ತುಂಬುವಂತಿಲ್ಲ ಎಂದು ಕಾನೂನೂ ಹೇಳುತ್ತದೆ.

ಇನ್ನೊಂದು ಸಂಗತಿ, ಎಲ್ಲ ಓದುಗರಿಗೂ ಅನ್ವಯಿಸುವಂಥದ್ದು. ಇನ್ವರ್ಟರ್‌ಗೆ ಆಸಿಡ್ ಬ್ಯಾಟರಿ ಇಟ್ಟಿರುವ ಮನೆಗಳಲ್ಲಿ ಹೈಡ್ರೋಜನ್ ಈಗಾಗಲೇ ತಯಾರಾಗುತ್ತಿದೆ. ಬ್ಯಾಟರಿ ತುಂಬುವ ಕೊನೆಯ ಹಂತದಲ್ಲಿ ಅದರೊಳಗಿನ ನೀರು ಒಡೆದೇ ಗುಳ್ಳೆ ಏಳುವುದು. ನೀರು ಕಡಿಮೆಯಾಗಿ ಮತ್ತೆ ಹಾಕಬೇಕಾಗುವುದೂ ಅದಕ್ಕೇ. ಎಲ್‌ಪಿಜಿ ಸೋರಿದರೆ ನೆಲದ ಮೇಲೆ ಹರಡುತ್ತದೆ. ಹೈಡ್ರೋಜನ್ ಮೇಲೇರಿ ಜಂತಿಯ ಸಂದಿಯಲ್ಲಿ ಕೂಡುತ್ತದೆ. ಬ್ಯಾಟರಿಯನ್ನು ಕಪಾಟಿನೊಳಗೆ ಮುಚ್ಚಿಡಬೇಡಿ, ಬೆಳಕಿಂಡಿ ಇರುವ ಕೋಣೆಯಲ್ಲಿಡಿ. ದೇವರ ಜಗಲಿಯ ಪಕ್ಕದಲ್ಲಂತೂ ಬೇಡ. ಅಲ್ಲಿ ದೀಪ ಉರಿಯುತ್ತಿರುತ್ತದೆ.

ಒಲೆಗೆ ಗ್ಯಾಸ್ ಬೇಕೆನ್ನುವವರು ಹಿತ್ತಲಿಗೆ ಹೋಗಿ ನೋಡಿ. ನಾಲ್ಕು ದನ ಕಟ್ಟಿದವರಿಗೆ ದಿನಕ್ಕೆ 50 ಕಿಲೋ ಸಗಣಿ ಕಷ್ಟವಲ್ಲ. ಅದರಿಂದ 2 ಘನ ಮೀಟರ್ ಗೋಬರ್ ಗ್ಯಾಸ್, ಅಂದರೆ ಹೆಚ್ಚುಕಡಿಮೆ 900 ಗ್ರಾಂ ಎಲ್‌ಪಿಜಿಯಷ್ಟು ಉರಿ. ಉಳಿದ ಬಗ್ಗಡ ಕಬ್ಬಿಗೆ ಗೊಬ್ಬರ.

*

ಕಬ್ಬಿನ ರವದಿಯಿಂದ ಹೈಡ್ರೋಜನ್ ತೆಗೆಯಬಹುದೆಂದು ಓದಿದೆ. ವರ್ಷಾ ಗಾಡಿಗಟ್ಟಲೆ ಸುಡುತ್ತೇವೆ. ರೈತರಿಗೆ ಇದರಿಂದ ಲಾಭವಿದೆಯೆ?
— ಕಬ್ಬು ಬೆಳೆಗಾರ, ಮುಧೋಳ

ಓದಿದ್ದು ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಜೀವರಾಶಿಯನ್ನು ಆಮ್ಲಜನಕ, ಹಬೆಯ ಜೊತೆ ಕಾಯಿಸಿ ಒಂದು ಕಿಲೋದಿಂದ 100 ಗ್ರಾಂ ಹೈಡ್ರೋಜನ್ ತೆಗೆಯುವ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಒಂದು ಕಿಲೋ ಜೀವರಾಶಿಯೊಳಗೆ ಇರುವುದೇ 60 ಗ್ರಾಂ. ಉಳಿದದ್ದು ಹಬೆಯಿಂದ ಬರುತ್ತದೆ. ಜಾಣ್ಮೆಯ ಕೆಲಸ. ಆದರೆ ಅದು ಹೊಲದ ಬದುವಿನಲ್ಲಿ ಇಡುವ ಯಂತ್ರವಲ್ಲ, ಕಾರ್ಖಾನೆ. ಸಮೀರವಾಡಿ, ಮುಧೋಳ, ಸಿದ್ದಾಪುರದ ಸಕ್ಕರೆ ಕಾರ್ಖಾನೆಗಳ ಆವರಣದಂಥ ಜಾಗದಲ್ಲಿ ಅದನ್ನು ಊಹಿಸಿಕೊಳ್ಳಬಹುದು; ಬಗಾಸೆ ಉರಿಸಿ ವಿದ್ಯುತ್ ಮಾಡುವುದು ನಮ್ಮ ಸಕ್ಕರೆ ಸೀಮೆಗೆ ಹೊಸದಲ್ಲ.

ಆ ಹೈಡ್ರೋಜನ್ ಯಾರಿಗೆ ಬೇಕು? ನಿಮಗೇ ಬೇಕು, ಆದರೆ ಬಲ್ಬು ಉರಿಸಲು ಅಲ್ಲ. ಯೂರಿಯಾ ಮಾಡಲು ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ನೀವು ಕಬ್ಬಿಗೆ ಹಾಕುವ 45 ಕಿಲೋದ ಒಂದು ಯೂರಿಯಾ ಚೀಲದ ಹಿಂದೆ ಸುಮಾರು ನಾಲ್ಕೂವರೆ ಕಿಲೋ ಹೈಡ್ರೋಜನ್ ಇದೆ. ಇವತ್ತು ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಆ ಅನಿಲದ ದೊಡ್ಡ ಪಾಲು ಹೊರದೇಶದ್ದು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಕಣ್ಣಿದ್ದದ್ದು ರಸಗೊಬ್ಬರ, ತೈಲ ಶುದ್ಧೀಕರಣ, ಉಕ್ಕು ಇಂಥವುಗಳ ಮೇಲೆ. ಮನೆಯ ದೀಪದ ಮೇಲಲ್ಲ.

ಯಂತ್ರ ಬರುವ ತನಕ ರವದಿ ಸುಡಬೇಡಿ. ಸಾಲಿನ ನಡುವೆ ಹಾಸಿ. ತೇವ ಉಳಿಯುತ್ತದೆ, ಕಸ ತಗ್ಗುತ್ತದೆ, ಕೊಳೆತು ಮಣ್ಣಿಗೆ ಸೇರುತ್ತದೆ.

*

ನಮ್ಮ ಬಾವಿ ಟಿಸಿಯಿಂದ ಬಹಳ ದೂರ. ಸೋಲಾರ್ ಪಂಪ್ ಹಾಕಿಸಿದರೆ ರಾತ್ರಿ ನೀರು ಬಿಡಲು ಬ್ಯಾಟರಿ ಬೇಕೆ? ಪಂಪ್ ನಿಂತಾಗ ಆ ಕರೆಂಟ್ ವ್ಯರ್ಥವಲ್ಲವೆ?
— ರೈತ, ಬೀಳಗಿ ತಾಲ್ಲೂಕು

290 ಮೆಗಾವ್ಯಾಟ್ ವಿದ್ಯುದಾಗಾರವಿರುವ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ನಿಮ್ಮ ತಾಲ್ಲೂಕಿನ ಹೊಲಗಳ ಮೇಲೆ ನಿಂತಿದೆ. ಅಲ್ಲಿನ ತೋಟಕ್ಕೆ ಮಾತ್ರ ತಂತಿ ಇಲ್ಲ. ಇರಲಿ.

ಪಂಪ್‌ಗೆ ಬ್ಯಾಟರಿ ಬೇಡವೇ ಬೇಡ. ಹಗಲಿ ನೀರೆತ್ತಿ ಕೃಷಿ ಹೊಂಡ ತುಂಬಿಸಿ. ಹೊಂಡ ಎತ್ತರದ ಜಾಗದಲ್ಲಿದ್ದರೆ ಬೇಕಾದಾಗ ತೂಬು ತೆಗೆದರಾಯಿತು. ಸೋಲಾರ್ ಪಂಪ್‌ಗೆ ಸಬ್ಸಿಡಿ ಕೊಡುವ ಕುಸುಮ್ ಯೋಜನೆಯ ಬಿ ವಿಭಾಗದಲ್ಲಿ ವೆಚ್ಚದಲ್ಲಿ ಕೇಂದ್ರದ ಪಾಲು ಶೇ 30, ರಾಜ್ಯದ್ದು ಶೇ 50, ರೈತರದ್ದು ಶೇ 20. ಅರ್ಜಿ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಮೂಲಕ. 5 ಎಚ್‌ಪಿ ಪಂಪ್‌ಗೆ ಸುಮಾರು 5 ಕಿಲೋವ್ಯಾಟ್ ಪ್ಯಾನೆಲ್ ಬರುತ್ತದೆ. ಅದು ಮೇಲೆ ಹೇಳಿದ ಮನೆಯ ಐದು ಪಟ್ಟು!

ವ್ಯರ್ಥವಾಗುವ ಮಾತು ಸರಿಯಾಗಿಯೇ ಕೇಳಿದ್ದೀರಿ. ಯುನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್ ಇದ್ದರೆ ಪಂಪ್ ನಿಂತಾಗ ಅದೇ ಪ್ಯಾನೆಲ್‌ನಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ನಡೆಸಬಹುದು. ಅರ್ಜಿ ಹಾಕುವಾಗಲೇ ವಿಚಾರಿಸಿ; ಪಂಪ್ ಕೂಡಿಸಿದ ಮೇಲೆ ಬದಲಿಸುವುದು ತುಟ್ಟಿ.

*

ಅಕ್ಕಪಕ್ಕದ ಐದು ತೋಟದ ಮನೆಗಳು ಸೇರಿ ಒಂದೇ ಸೋಲಾರ್ ವ್ಯವಸ್ಥೆ ಮಾಡಿಕೊಂಡರೆ ಅಗ್ಗವೆ?
— ಯುವ ರೈತ, ಜಮಖಂಡಿ ತಾಲ್ಲೂಕು

ಮನೆಗಳು ಇನ್ನೂರು ಮುನ್ನೂರು ಮೀಟರ್ ಒಳಗಿದ್ದರೆ ಅಗ್ಗವಾಗುತ್ತದೆ. ತಂತಿಯಲ್ಲಿ 230 ವೋಲ್ಟ್ ಕಳಿಸಬೇಕು. 24 ವೋಲ್ಟ್ ಕಳಿಸಿದರೆ ದಾರಿಯಲ್ಲೇ ಸೋರಿಹೋಗುತ್ತದೆ. ತಾಂತ್ರಿಕ ತೊಡಕು ಇಷ್ಟೇ. ನಿಜವಾದ ತೊಡಕು ಯಾರ ಮನೆಯ ಫ್ರಿಜ್ ಎಷ್ಟು ತಿಂದಿತು ಎಂಬ ಜಗಳ. ಪ್ರತಿ ಮನೆಗೂ ಮೀಟರ್ ಇಡಿ, ತಿಂಗಳಿಗಿಷ್ಟು ಎಂದು ಬ್ಯಾಟರಿ ನಿಧಿಗೆ ಕಟ್ಟಿ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ಬ್ಯಾರೇಜು ಕಟ್ಟಿದ ತಾಲ್ಲೂಕು ನಿಮ್ಮದು. ಐದು ಮನೆಯ ಲೆಕ್ಕ ಇಡಲಾರಿರಾ?

*

ನಾಲ್ಕು ಪವರ್‌ಲೂಮ್ ಇವೆ. ಕರೆಂಟ್ ಹೋದಾಗ ಮಗ್ಗ ನಿಲ್ಲದಿರಲು ಮಾಳಿಗೆ ಮೇಲೆ ಸೋಲಾರ್ ಹಾಕಿಸಲೆ?
— ನೇಕಾರ, ಬನಹಟ್ಟಿ

ಆ ಆಸೆಯಿಂದ ಹಾಕಿಸಬೇಡಿ. ಸಬ್ಸಿಡಿಯಲ್ಲಿ ಬರುವ ಗ್ರಿಡ್ ಜೋಡಣೆಯ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಜೀವ ಉಳಿಸಲು ಹಾಗೆ ಮಾಡಿರುತ್ತಾರೆ. 1 ಎಚ್‌ಪಿಯ ನಾಲ್ಕು ಮೋಟಾರು ತಾಸಿಗೆ 3 ಯೂನಿಟ್ ಎಳೆಯುತ್ತವೆ. ಅದನ್ನು ಬ್ಯಾಟರಿಯಲ್ಲಿ ನಡೆಸಿದರೆ ಸೀರೆಯ ಲಾಭ ಬ್ಯಾಟರಿಗೇ ಹೋಗುತ್ತದೆ. ಮಗ್ಗಕ್ಕೆ ಸರ್ಕಾರದ ವಿದ್ಯುತ್ ರಿಯಾಯಿತಿ ಇರುವಾಗ ಅದನ್ನೇ ಬಳಸಿಕೊಳ್ಳಿ.

*

ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತೇವೆ. ಬ್ಯಾಟರಿ, ಮೊಬೈಲ್ ಚಾರ್ಜಿಗೆ ಏನು ಮಾಡೋಣ?
— ಕುರಿಗಾಹಿಯ ಪರವಾಗಿ, ಬೀಳಗಿ

10 ವ್ಯಾಟಿನ ಮಡಚುವ ಪ್ಯಾನೆಲ್, ಒಳಗೇ ಲಿಥಿಯಂ ಬ್ಯಾಟರಿ ಇರುವ ಲಾಟೀನು. ಹಗಲಿ ಕುದುರೆ ಅಥವಾ ಕತ್ತೆಯ ಬೆನ್ನ ಮೇಲಿನ ಗಂಟಿಗೆ ಬಿಸಿಲಿಗೆ ಮುಖ ಮಾಡಿ ಕಟ್ಟಿ. ಅಷ್ಟೇ ಸಾಕು.

*

2019ರ ಪ್ರವಾಹದಲ್ಲಿ ಘಟಪ್ರಭೆ ನಮ್ಮ ತೋಟದ ಮನೆಗೆ ನುಗ್ಗಿತ್ತು. ಸೋಲಾರ್ ಹಾಕಿಸಿದರೆ ಮತ್ತೆ ನೀರು ಬಂದಾಗ ಏನು ಗತಿ?
— ನದಿ ದಂಡೆಯ ಓದುಗರು, ಮುಧೋಳ ತಾಲ್ಲೂಕು

ಗೋಡೆಯ ಮೇಲೆ ಆ ವರ್ಷದ ನೀರಿನ ಗುರುತು ಇನ್ನೂ ಇದ್ದರೆ ಇನ್ವರ್ಟರ್, ಬ್ಯಾಟರಿ ಎರಡನ್ನೂ ಅದಕ್ಕಿಂತ ಎರಡು ಅಡಿ ಮೇಲೆ ಕೂಡಿಸಿ. ಪ್ಯಾನೆಲ್‌ನಿಂದ ಇಳಿದು ಬರುವ ತಂತಿಗೆ ಮಾಳಿಗೆಯ ಮೇಲೆಯೇ ಒಂದು ಡಿಸಿ ಸ್ವಿಚ್ ಇರಲಿ. ಹಿಡಕಲ್ ಡ್ಯಾಮಿನಿಂದ ನೀರು ಬಿಡುವ ಸುದ್ದಿ ಬಂದ ದಿನ ಅದನ್ನು ಆರಿಸಿಯೇ ಮನೆ ಬಿಡಿ. ಊರಿನ ಲೈನನ್ನು ಹೆಸ್ಕಾಂನವರು ಆರಿಸುತ್ತಾರೆ. ನಿಮ್ಮ ಪ್ಯಾನೆಲನ್ನು ಯಾರೂ ಆರಿಸುವುದಿಲ್ಲ. ಬಿಸಿಲಿರುವ ತನಕ ಅದು ಕರೆಂಟ್ ಕೊಡುತ್ತಲೇ ಇರುತ್ತದೆ, ನೀರು ನಿಂತ ಮನೆಯಲ್ಲೂ. ನೀರು ಇಳಿದ ಮೇಲೆ ಮುಳುಗಿದ್ದ ಬ್ಯಾಟರಿಯನ್ನು ಒರೆಸಿ ಮತ್ತೆ ಹಚ್ಚಬೇಡಿ. ಲಿಥಿಯಂ ಆದರೆ ದಿನಗಳ ನಂತರವೂ ಬೆಂಕಿ ಹತ್ತಬಹುದು. ಅದನ್ನು ಮನೆಯಿಂದ ದೂರ, ಬಯಲಲ್ಲಿಟ್ಟು ಮಾರಿದವರಿಗೆ ಹೇಳಿ ಕಳಿಸಿ.

*

ಮುಂದಿನ ಸಲ ಬರೆಯುವವರು ಮನೆಯಲ್ಲಿರುವ ಸಾಮಾನುಗಳ ವ್ಯಾಟು, ಉರಿಯುವ ತಾಸು, ಅಂಗಡಿಯವರು ಕೊಟ್ಟ ಬೆಲೆಪಟ್ಟಿಯ ನಕಲು ಇಷ್ಟನ್ನು ಪತ್ರದ ಜೊತೆ ಇಡಿ. ಬೆಲೆಪಟ್ಟಿಯಲ್ಲಿ ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಕೆಟ್ಟರೆ ತೋಟದ ತನಕ ಬಂದು ರಿಪೇರಿ ಮಾಡುತ್ತಾರೋ ಇಲ್ಲವೋ ಎಂಬುದನ್ನು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.